ನನ್ನ ಅನುಭವ: ಅರವತ್ತು ಸ್ವಿಚ್, ಒಂದು ಸ್ಕ್ರಿಪ್ಟ್, ಮಳೆಗಾಲದ ಕರೆಂಟು

ನಮ್ಮ ಶಾಖೆಗಳ ಅರವತ್ತು ಚಿಲ್ಲರೆ ಸ್ವಿಚ್‌ಗಳ (ಕಂಪ್ಯೂಟರ್‌ಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಪೆಟ್ಟಿಗೆಗಳು) ಪಾಸ್‌ವರ್ಡ್ ಈಗ ಒಂದು ಸ್ಕ್ರಿಪ್ಟ್‌ನಿಂದ (ಪುಟ್ಟ ಪ್ರೋಗ್ರಾಂ), ಶಿವಮೊಗ್ಗದಲ್ಲಿ ಕೂತಲ್ಲೇ ಹೆಚ್ಚುಕಮ್ಮಿ ಅರ್ಧ ಗಂಟೆಯಲ್ಲಿ ಬದಲಾಗುತ್ತದೆ. "ಮಳೆಗಾಲದಲ್ಲಿ ಈ ಆಟ ಬೇಡ ಮಾರಾಯ, ಹೊಸನಗರದ್ದು ಲಾಕ್ ಆದ್ರೆ ನೀನೇ ಹೋಗ್ಬೇಕು" ಅಂದವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಅವರ ಮಾತೂ ಪೂರ್ತಿ ಸುಳ್ಳಲ್ಲ, ಮೊದಲ ಸುತ್ತುಗಳಲ್ಲಿ ನಾಲ್ಕು ಲಾಕ್ ಆದವು, ಅಂದರೆ ನಮಗೇ ಒಳಗೆ ಹೋಗಲಾಗದಂತಾದವು.

ಸ್ಕ್ರಿಪ್ಟ್ ಪೈಥಾನ್‌ನದು, ಜೊತೆಗೆ ನೆಟ್‌ವರ್ಕ್ ಉಪಕರಣಗಳಿಗೆ ಲಾಗಿನ್ ಆಗಿ ಕಮಾಂಡ್ ಕಳಿಸುವ ಲೈಬ್ರರಿ ನೆಟ್‌ಮಿಕೋ. ಸ್ವಿಚ್‌ಗಳು ಸಿಸ್ಕೋ, ಹೆಚ್ಚಿನವು ಹಳೇ 2960 ಮಾದರಿ.

ಮೊದಲ ಪೆಟ್ಟು ಪಾಸ್‌ವರ್ಡ್‌ನೊಳಗಿನ ? ಚಿಹ್ನೆಯದು. ಸಿಸ್ಕೋ ಸ್ವಿಚ್‌ನ ಸಾಫ್ಟ್‌ವೇರ್ ಐಓಎಸ್ ಅದನ್ನು ಕಂಡ ಕೂಡಲೇ ಹೆಲ್ಪ್ ತೋರಿಸಿ, ಉಳಿದ ಅಕ್ಷರಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಅಲ್ಲಿ ಕೂತದ್ದು ಒಂದಕ್ಷರ ಕಮ್ಮಿಯ ಪಾಸ್‌ವರ್ಡ್, ನಮ್ಮ ಪಟ್ಟಿಯಲ್ಲಿ ಇರುವುದು ಬೇರೆ. ಕಂಟ್ರೋಲ್-ವಿ ಮುಂದೆ ಹಾಕಿದರೆ ಆಗುತ್ತದೆ, ಆದರೆ ? ಮತ್ತು ಸ್ಪೇಸ್ ಎರಡನ್ನೂ ಬಿಟ್ಟುಬಿಡುವುದೇ ಲೇಸು. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಲೂಬೇಡಿ, ಮುಂದಿನ ಸೊನ್ನೆ ಹಾರಿಹೋಗುತ್ತದೆ.

ಎರಡನೆಯದು ಇನ್ನೂ ಕಳ್ಳ. ಹಳೇ ಯೂಸರ್ ಟೈಪ್ 7 (ಸುಲಭವಾಗಿ ಬಿಡಿಸಬಹುದಾದ ಗುಪ್ತರೂಪ) 'ಪಾಸ್‌ವರ್ಡ್' ಆಗಿದ್ದಲ್ಲಿ, ಹ್ಯಾಶ್ (ಮತ್ತೆ ಮೂಲಕ್ಕೆ ತಿರುಗಿಸಲಾಗದ ಗುಪ್ತರೂಪ) ಆಗಿ ಉಳಿಯುವ 'ಸೀಕ್ರೆಟ್' ಕೊಟ್ಟರೆ, ಎರಡೂ ಒಟ್ಟಿಗೆ ಇರಕೂಡದು ಎಂದು ಹಳೇ ಐಓಎಸ್ ತಳ್ಳಿಹಾಕುತ್ತದೆ. ಎರರ್ ಪ್ಯಾಟರ್ನ್ (ತಪ್ಪಿನ ಸಂದೇಶ ಗುರುತಿಸುವ ಮಾದರಿ) ಕೊಡದಿದ್ದರೆ ನೆಟ್‌ಮಿಕೋ ಅದನ್ನು ಗಮನಿಸದೆ ಮುಂದೆ ಹೋಗುತ್ತದೆ, ಲಾಗ್‌ನಲ್ಲಿ ಎಲ್ಲ 'ಸರಿ'. ಯೂಸರ್ ಅಳಿಸಿ ಹೊಸದಾಗಿ ಮಾಡೋಣ ಅಂದರೆ ಕನ್ಫರ್ಮ್ ಕೇಳುತ್ತದೆ, ಅಲ್ಲಿಗೇ ಸ್ಕ್ರಿಪ್ಟ್ ನಿಂತಿತು. ಈಗ ಹಳೆಯದನ್ನು ಮುಟ್ಟದೆ ಪ್ರಿವಿಲೆಜ್ 15ರ (ಪೂರ್ಣ ಅಧಿಕಾರದ) ಇನ್ನೊಂದು ಯೂಸರ್ ಸೇರಿಸಿ, ಅದರಲ್ಲಿ ಒಳಗೆ ಬಂದ ಮೇಲೆಯೇ ಹಳೆಯದನ್ನು ತೆಗೆಯುವುದು.

ಮಲೆನಾಡಿನ ನಿಜವಾದ ಶತ್ರು ಕರೆಂಟು. ಬದಲಾವಣೆ ರನ್ನಿಂಗ್ ಕಾನ್ಫಿಗ್‌ನಲ್ಲಷ್ಟೇ (ಸದ್ಯ ಮೆಮೊರಿಯಲ್ಲಿ ಓಡುತ್ತಿರುವ ಸೆಟ್ಟಿಂಗ್) ಇದ್ದು, ಸೇವ್ ಆಗುವ ಮೊದಲೇ ಕರೆಂಟು ಹೋಗಿ ಬಂದರೆ ಸ್ವಿಚ್ ಹಳೇ ಪಾಸ್‌ವರ್ಡ್‌ನಲ್ಲೇ ಏಳುತ್ತದೆ. ಯುಪಿಎಸ್ ಬ್ಯಾಟರಿ ಸತ್ತ ಶಾಖೆಗಳಲ್ಲಿ ಜುಲೈನಲ್ಲಿ ಇದೇ ಕತೆ. ಹಾಗಂತ ಪರೀಕ್ಷಿಸದೆ ಸೇವ್ ಮಾಡಿದರೆ ತಪ್ಪೂ ಖಾಯಂ ಆಗುತ್ತದೆ. ಆದ್ದರಿಂದ ಮೊದಲು 'ರೀಲೋಡ್ ಇನ್ 15' (ಹದಿನೈದು ನಿಮಿಷಕ್ಕೆ ತಾನಾಗಿ ರೀಬೂಟ್), ಆಮೇಲೆ ಹೊಸ ಯೂಸರ್, ಮೊದಲ ಸೆಷನ್ ಮುಚ್ಚದೆ ಇನ್ನೊಂದರಲ್ಲಿ ಲಾಗಿನ್ ಮತ್ತು ಎನೇಬಲ್ (ಪೂರ್ಣ ಅಧಿಕಾರದ ಮೋಡ್), ಅದು ಗೆದ್ದರೆ ಹಳೇ ಯೂಸರ್ ತೆಗೆದು 'ರೈಟ್ ಮೆಮೊರಿ' (ಸೇವ್), ಕೊನೆಗೆ 'ರೀಲೋಡ್ ಕ್ಯಾನ್ಸಲ್'. ಕೈಕೊಟ್ಟರೆ ಹದಿನೈದು ನಿಮಿಷಕ್ಕೆ ಅದೇ ಹಳೇ ಸ್ಥಿತಿಗೆ ಮರಳುತ್ತದೆ. ಹತ್ತು ನಿಮಿಷ ಇಟ್ಟಿದ್ದೆ, ನಿಧಾನದ ಲಿಂಕ್‌ಗೆ ಸಾಲಲಿಲ್ಲ. ಕ್ಯಾನ್ಸಲ್ ಮರೆತ ಸಾಗರದ ಸ್ವಿಚ್ ಮಧ್ಯಾಹ್ನ ವ್ಯವಹಾರದ ಹೊತ್ತಿಗೆ ತಾನಾಗಿ ರೀಬೂಟ್ ಆಯಿತು, ಫೋನಿಗೆ ಬಿಡುವೇ ಇರಲಿಲ್ಲ.

ಮಧ್ಯದಲ್ಲಿ ಸ್ಕ್ರಿಪ್ಟ್ ಸತ್ತರೆ ಯಾವುದಕ್ಕೆ ಯಾವ ಪಾಸ್‌ವರ್ಡ್ ಎಂದು ಹುಡುಕಬೇಕಲ್ಲ. ಹೊಸದು ಒಮ್ಮೆ, ಹಳೆಯದು ಒಮ್ಮೆ, ಅಷ್ಟೇ. 'ಲಾಗಿನ್ ಬ್ಲಾಕ್-ಫಾರ್' (ತಪ್ಪು ಲಾಗಿನ್ ತಡೆ) ಹಾಕಿದ್ದಲ್ಲಿ, ಅದರಲ್ಲಿ ಗೊತ್ತುಮಾಡಿದಷ್ಟು ತಪ್ಪಾದರೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತದೆ. ಲಾಗಿನ್ ಹೊತ್ತಿಗೆ ಕಾಣುವ ಬ್ಯಾನರ್‌ನಲ್ಲಿ ಅಂದಕ್ಕೆ ಹಾಕಿದ ### ಸಾಲನ್ನೂ ತೆಗೆಯಿರಿ, ನೆಟ್‌ಮಿಕೋ ಅದನ್ನೇ ಪ್ರಾಂಪ್ಟ್ (ಸ್ವಿಚ್ ಕಮಾಂಡ್‌ಗೆ ಕಾಯುವ ಗುರುತು) ಅಂದುಕೊಳ್ಳುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹ್ಯಾಶ್ ಲ್ಯಾಪ್‌ಟಾಪ್‌ನಲ್ಲೇ ಮಾಡಿ ಕಳಿಸಿದರೆ ? ತಾಪತ್ರಯವೂ ಇಲ್ಲ, ಸೆಷನ್ ಲಾಗ್‌ನಲ್ಲಿ ಪಾಸ್‌ವರ್ಡ್ ಬಯಲಾಗುವ ಭಯವೂ ಇಲ್ಲ. ಹಳೇ 2960ಗಳಿಗೆ ಹೊಸ ಬಗೆಯ ಹ್ಯಾಶ್ ಟೈಪ್ 9 ತಿಳಿಯದು, ಹಳೇ ಟೈಪ್ 5ಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ಟೂಲ್‌ನಲ್ಲಿ ನಾಲ್ಕಕ್ಷರದ ಸಾಲ್ಟ್ (ಹ್ಯಾಶ್‌ಗೆ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಕೊಟ್ಟರೆ ಒಪ್ಪುತ್ತದೆ. ಟೈಪ್ 5 ಬಳಸುವ ಎಂಡಿ5 ದುರ್ಬಲ, ಆದರೆ ಟೈಪ್ 7ಕ್ಕಿಂತ ಎಷ್ಟೋ ಮೇಲು. ಪ್ರತಿ ಸ್ವಿಚ್‌ಗೂ ಬೇರೆ ಪಾಸ್‌ವರ್ಡ್ ಹುಟ್ಟಿಸುವ ಲೆಕ್ಕ ಮಾತ್ರ ನನ್ನಲ್ಲೇ ಇರಲಿ.

ಖರ್ಚು? ಲಾಕ್ ಆದವನ್ನು ತೆರೆಯಲು ಹೊಸನಗರ, ತೀರ್ಥಹಳ್ಳಿ ಕಡೆಗೆ ಕಾರು ಬಾಡಿಗೆ ಒಂದು ಸಲಕ್ಕೆ ಎರಡೂವರೆ ಸಾವಿರದಂತೆ ಮೂರು ಸಲ, ಸ್ವಿಚ್‌ಗೆ ನೇರವಾಗಿ ಲ್ಯಾಪ್‌ಟಾಪ್ ಜೋಡಿಸುವ ಕನ್ಸೋಲ್ ಕೇಬಲ್ ಆರೇಳು ನೂರು. ಅಲ್ಲಿ ಹೋಗಿ ಮೋಡ್ ಬಟನ್ ಒತ್ತಿಹಿಡಿದು ಪವರ್ ಕೊಟ್ಟು, ಫ್ಲ್ಯಾಶ್ (ಫೈಲುಗಳಿರುವ ಮೆಮೊರಿ) ಎಬ್ಬಿಸಿ, ಕಾನ್ಫಿಗ್ ಫೈಲಿನ ಹೆಸರು ಬದಲಿಸುವ ಹಳೇ ಪೂಜೆ. ಕಾನ್ಫಿಗ್ ವಾಪಸ್ ಹಾಕಿದ ಮೇಲೆ ವಿಲ್ಯಾನ್ ಇಂಟರ್‌ಫೇಸ್ (ದೂರದಿಂದ ಸ್ವಿಚ್ ತಲುಪುವ ದಾರಿ) ಶಟ್ ಆಗಿದೆಯೇ ನೋಡಿಯೇ ಕಾರು ಹತ್ತಬೇಕು, ಇಲ್ಲವಾದರೆ ಅರ್ಧ ಘಾಟಿಯಿಂದ ತಿರುಗಿ ಬರಬೇಕು.

ಇನ್ನೂ ಹಳೇ ಮಾದರಿಯ ಎರಡು 2950 ಮಾತ್ರ ಉಳಿದಿವೆ. ಕೆ9 (ಎನ್‌ಕ್ರಿಪ್ಷನ್ ಸೌಲಭ್ಯ) ಇಲ್ಲದ ಐಓಎಸ್ ಇಮೇಜ್, ಆದ್ದರಿಂದ ಗುಪ್ತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಇಲ್ಲ. ಟೆಲ್ನೆಟ್‌ನಲ್ಲಿ ಹೊಸ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತದೆ, ಹಾಗಾಗಿ ಅವಕ್ಕೆ ಆ ಕಡೆ ಹೋದಾಗ ಕನ್ಸೋಲ್‌ನಲ್ಲೇ ಕೈಯಾರೆ.