ಮಳೆಗಾಲಕ್ಕೆ ಮೊದಲು ಇನ್ನೊಂದು ಮೇಲ್ ಸರ್ವರ್

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಅಡಿಕೆ ವ್ಯಾಪಾರದ ಆಫೀಸು. ಪೆರ್ಲದಲ್ಲೂ ಮುಳ್ಳೇರಿಯದಲ್ಲೂ ಅವರ ಶಾಖೆ ಉಂಟು. ಅವರ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಬಿಲ್ಲು, ಜಿಎಸ್‌ಟಿ ಕಾಗದ, ಹೊರಗಿನ ಪಾರ್ಟಿಗಳ ಆರ್ಡರು ಎಲ್ಲಾ ಇಮೇಲಿನಲ್ಲೇ. ಜೂನ್ ಬಂತೆಂದರೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ. ಯುಪಿಎಸ್ ಎಷ್ಟು ಹೊತ್ತು ತಾನೇ ತಡೆದೀತು? ಅದಕ್ಕೇ ಇನ್ನೊಂದು ಸರ್ವರ್ ನಿಲ್ಲಿಸಿದೆ.

ಮೊದಲ ಪ್ರಶ್ನೆ ಜಾಗದ್ದು. ಮಂಗಳೂರು ಹತ್ತಿರ, ಆದರೆ ಅಲ್ಲೂ ಇದೇ ಮಳೆ, ಇದೇ ಗಾಳಿ. ಹಾಗಾಗಿ ಬೆಂಗಳೂರಿನಲ್ಲಿ ಬಾಡಿಗೆ ಸರ್ವರ್ ಹಿಡಿದೆ. ದುಡ್ಡು ಕಟ್ಟುವ ಮೊದಲೇ ಎರಡು ವಿಷಯ ಕೇಳಿದ್ದೆ: ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ ಬಾಗಿಲು, ಅಂದರೆ 25ನೇ ಪೋರ್ಟ್, ತೆರೆದು ಕೊಡುತ್ತೀರಾ? ಐಪಿಗೆ, ಅಂದರೆ ಸರ್ವರಿನ ಅಂಕೆಯ ವಿಳಾಸಕ್ಕೆ, ರಿವರ್ಸ್ ಡಿಎನ್‌ಎಸ್ (ಆ ಅಂಕೆ ಯಾವ ಹೆಸರಿನದು ಅಂತ ಹೇಳುವ ದಾಖಲೆ) ಹಾಕಿ ಕೊಡುತ್ತೀರಾ? ಇವೆರಡಕ್ಕೆ ಹೌದು ಎನ್ನದವರ ಹತ್ತಿರ ಮೇಲ್ ಸರ್ವರ್ ಇಟ್ಟು ಪ್ರಯೋಜನವಿಲ್ಲ.

ಸರ್ವರ್ ನಿಂತರೆ ಬರುವ ಮೇಲ್ ಕಳೆದೇ ಹೋಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನಿಲ್ಲ. ಕಳಿಸಿದ ಸರ್ವರ್ ಅದನ್ನು ತನ್ನ ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಅದರಲ್ಲಿರುವ ಮೇಲ್ ಕಳಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಆದರೆ, ಅವರೇನೂ ಬದಲಿಸದಿದ್ದರೆ, 5 ದಿನ ಕಾಯುತ್ತದೆ. ಸುಮ್ನೆ ಮೇಲ್ ಹಿಡಿದಿಟ್ಟುಕೊಳ್ಳುವ ಎರಡನೇ ಸರ್ವರಿನಿಂದ ಅಂಥ ಲಾಭವೇನೂ ಇಲ್ಲ. ಆಫೀಸಿನವರಿಗೆ ಬೇಕಾದದ್ದು ಹಳೇ ಮೇಲ್ ಓದುವುದು, ಹೊಸದಕ್ಕೆ ಉತ್ತರ ಕಳಿಸುವುದು. ಅಂದರೆ ಮೇಲ್‌ಬಾಕ್ಸೇ ಅಲ್ಲಿಯೂ ಇರಬೇಕು.

ಅದನ್ನು ಡವ್‌ಕಾಟ್‌ನ (ಮೇಲ್‌ಬಾಕ್ಸ್ ನೋಡಿಕೊಳ್ಳುವ ತಂತ್ರಾಂಶ) ಸಿಂಕ್ ಆಜ್ಞೆಯಿಂದ ಮಾಡಿಸಿದೆ. ಐದೈದು ನಿಮಿಷಕ್ಕೆ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದ ಮೂಲಕ ಓಡುತ್ತದೆ. ತಾನಾಗಿಯೇ ಎರಡು ಸರ್ವರನ್ನು ಒಂದೇ ರೀತಿ ಇಡಲು ಹಳೇ ಆವೃತ್ತಿಗಳಲ್ಲಿದ್ದ ರೆಪ್ಲಿಕೇಶನ್ ಪ್ಲಗಿನ್ ಡವ್‌ಕಾಟ್ 2.4ರಲ್ಲಿ ಇಲ್ಲ, ಅದನ್ನು ನಂಬಿ ಹೊರಡಬೇಡಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡವ್‌ಕಾಟ್‌ನಲ್ಲಿ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎರಡೂ ಕಡೆಯ ಮೇಲನ್ನು ಸೇರಿಸುತ್ತದೆ. ಬ್ಯಾಕಪ್ ಒಂದೇ ದಿಕ್ಕಿನದು, ಈ ಕಡೆ ಇಲ್ಲದ್ದನ್ನು ಆ ಕಡೆಯೂ ಅಳಿಸಿಹಾಕುತ್ತದೆ. ಆಫೀಸಿನ ಸರ್ವರ್ ಎರಡು ದಿನ ಮಲಗಿತ್ತು ಅಂತಿಟ್ಟುಕೊಳ್ಳಿ. ಆ ಎರಡು ದಿನದ ಮೇಲ್ ಬೆಂಗಳೂರಿನಲ್ಲಿ ಮಾತ್ರ ಇರುತ್ತದೆ. ಕರೆಂಟ್ ಬಂದ ಕೂಡಲೇ ಇಲ್ಲಿಂದ ಬ್ಯಾಕಪ್ ಓಡಿತೋ, ಅಷ್ಟೂ ಹೋಯಿತು. ಅಲ್ಲಿಗೆ ಸಿಂಕ್ ಮಾತ್ರ ಸರಿ. ಆದರೆ ಒಬ್ಬರು ಅಳಿಸಿದ ಮೇಲ್ ಸಿಂಕ್‌ನಲ್ಲಿ ಎರಡೂ ಕಡೆ ಅಳಿಯುತ್ತದಲ್ವಾ, ಅದಕ್ಕೆ ರಾತ್ರಿಯ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆಯುತ್ತೇನೆ.

ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಯಲ್ಲಿ ಆಫೀಸಿಗೆ 10, ಬೆಂಗಳೂರಿಗೆ 20. ಚಿಕ್ಕ ಅಂಕೆಗೆ ಮೊದಲ ಸರದಿ. ಸ್ಪ್ಯಾಮ್ ಕಳಿಸುವವರು ಮಾತ್ರ ಬೇಕೆಂದೇ 20ರ ಬಾಗಿಲು ತಟ್ಟುತ್ತಾರೆ, ಅಲ್ಲಿ ಕಾವಲು ಸಡಿಲ ಇರುತ್ತದೆ ಅಂತ. ಹಾಗಾಗಿ ಸ್ಪ್ಯಾಮ್ ಫಿಲ್ಟರು, ವಿಳಾಸಗಳ ಪಟ್ಟಿ ಎರಡೂ ಕಡೆ ಒಂದೇ ಇರಬೇಕು. ನಮ್ಮ ಹೆಸರಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್‌ನಲ್ಲಿ ಎರಡೂ ಐಪಿ ಸೇರಿಸಿದೆ, ಮೇಲಿಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್ ಕೀ ಒಂದೊಂದಕ್ಕೆ ಬೇರೆ ಬೇರೆ. ಸಂಪರ್ಕವನ್ನು ಸುರಕ್ಷಿತವಾಗಿಸುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟನ್ನು ಡಿಎನ್‌ಎಸ್ ಮೂಲಕವೇ ಪಡೆಯುತ್ತೇನೆ. ಆಫೀಸು ಮುಚ್ಚಿಹೋದರೂ ಅದು ನವೀಕರಣವಾಗುತ್ತದೆ.

ಮೇ ತಿಂಗಳ ಒಂದು ಭಾನುವಾರ ಆಫೀಸಿನ ಫೈಬರ್ ವಯರು ಕಿತ್ತಿಟ್ಟು ನೋಡಿದೆವು. ಸರ್ವರ್ ಹೆಸರಿನ ಟಿಟಿಎಲ್ ಅನ್ನು (ಹಳೇ ಐಪಿಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಸಮಯ) ಮೊದಲೇ 300 ಸೆಕೆಂಡಿಗೆ ಇಳಿಸಿದ್ದೆ. ಆ ಹೆಸರು ಬೆಂಗಳೂರಿಗೆ ತೋರಿಸುವಂತೆ ಮೊಬೈಲಿನಲ್ಲೇ ಡಿಎನ್‌ಎಸ್ ಬದಲಿಸಿದೆ. ಸ್ವಲ್ಪ ಹೊತ್ತಿಗೆ ಪೆರ್ಲದಿಂದ ಲೆಕ್ಕದ ಅಕ್ಕ ಫೋನ್ ಮಾಡಿದರು: "ಹಳೇದೆಲ್ಲ ಉಂಟು, ಬಿಲ್ಲೂ ಹೋಯ್ತು." ಅವರು ನನ್ನ ಜಿಮೇಲಿಗೆ ಕಳಿಸಿದ್ದ ಇಮೇಲಿನ ಹೆಡರ್ (ಅದು ಬಂದ ದಾರಿಯ ವಿವರ) ತೆರೆದೆ. ಬೆಂಗಳೂರಿನ ಹೆಸರು, ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್. ತುಂಬಾ ಸಮಾಧಾನವಾಯಿತು.

ಡಿಎನ್‌ಎಸ್ ಕಂಪನಿಯ ಲಾಗಿನ್ ಯಾವ ಇಮೇಲಿನಲ್ಲಿದೆ ಅಂತ ಇವತ್ತೇ ನೋಡಿ. ಅದು ಇದೇ ಡೊಮೈನಿನದಾಗಿದ್ದರೆ, ಒಳಗೆ ಹೋಗಲು ಬೇಕಾದ ಓಟಿಪಿ ಬರುವುದು ಬಿದ್ದುಹೋದ ಸರ್ವರಿಗೇ. ನಾನು ಬೇರೆ ವಿಳಾಸ ಕೊಟ್ಟಿದ್ದೇನೆ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮಾಲೀಕರ ಕಪಾಟಿನಲ್ಲಿ ಇಡಿಸಿದ್ದೇನೆ.