ಚಿಲ್ಲರೆ ಚೀಲದ ನಾಣ್ಯ: ಅಚ್ಚು ಸವೆದದ್ದೋ, ನಿಜವಾದ ತಪ್ಪೋ?

ಕುಂಬಳೆ–ಮುಳ್ಳೇರಿಯ ರೂಟಿನ ಬಸ್ಸಿನಲ್ಲಿ ನಾನು 18 ವರ್ಷದಿಂದ ಕಂಡಕ್ಟರ್. ರಾತ್ರಿ ಲೆಕ್ಕ ಒಪ್ಪಿಸುವ ಮೊದಲು ಚಿಲ್ಲರೆಯನ್ನು ಪೇಪರ್ ಮೇಲೆ ಸುರಿದು ಒಂದೊಂದನ್ನೇ ನೋಡುವುದು ನನ್ನ ರೂಢಿ. ಕಳೆದ ವಾರ ಅಕ್ಕನ ಮಗ ಒಂದು ರೂಪಾಯಿಯ ಸ್ಟೀಲ್ ನಾಣ್ಯ ತಂದ. "ಮಾವಾ, ಎರರ್ ಕಾಯಿನ್, 800 ಕೊಟ್ಟೆ" ಅಂದ. ಎರರ್ ಕಾಯಿನ್ ಅಂದರೆ ತಯಾರಾಗುವಾಗಲೇ ತಪ್ಪಾಗಿ ಬಂದ ನಾಣ್ಯ, ಸಂಗ್ರಹಿಸುವವರು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅಕ್ಷರಗಳು ದಪ್ಪವಾಗಿ ಊದಿ, ಅಂಚಿನ ಕಡೆಗೆ ಕರಗಿ ಹರಿದ ಹಾಗಿದ್ದವು. ನನಗೆ ಸಂಕಟವಾಯಿತು. ಅದು ಬರೀ ಸವೆದ ಅಚ್ಚಿನ ನಾಣ್ಯ.

ನಾಣ್ಯ ತಯಾರಿಸುವ ಟಂಕಸಾಲೆಯಲ್ಲಿ ಒಂದು ಜೋಡಿ ಅಚ್ಚು ಸಾವಿರಗಟ್ಟಲೆ ಖಾಲಿ ಲೋಹದ ಬಿಲ್ಲೆಗಳನ್ನು ಒತ್ತುತ್ತದೆ. ಒತ್ತಿ ಒತ್ತಿ ಅದರ ಮೈ ಸವೆಯುತ್ತದೆ. ಆಮೇಲೆ ಬರುವ ನಾಣ್ಯಗಳೆಲ್ಲ ಮಸುಕಾಗಿಯೇ ಬರುತ್ತವೆ. ಅಚ್ಚಿನ ಗುಂಡಿಯಲ್ಲಿ ಗ್ರೀಸು ತುಂಬಿದರೂ ಅಷ್ಟೇ, ಒಂದೆರಡು ಅಕ್ಷರ ಮಾಯ. ಇವಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ನೋಡುವಾಗ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಭೂತಗನ್ನಡಿ ಇರಲಿ. ಗೆರೆ ಕಂಡರೆ ಉಗುರು ಎಳೆದು ನೋಡಿ. ಉಬ್ಬಿದ್ದರೆ ಅಚ್ಚು ಬಿರುಕು ಬಿಟ್ಟಿತ್ತು, ಲೋಹ ಆ ಬಿರುಕಿನೊಳಗೆ ಹೋಗಿದೆ ಎಂದರ್ಥ. ತಗ್ಗಿದ್ದರೆ ಯಾರೋ ಗೀಚಿದ್ದು.

ಅಕ್ಷರ ಎರಡೆರಡಾಗಿ ಕಂಡಾಗ ಮೋಸ ಹೋಗುವವರೇ ಹೆಚ್ಚು. ಅಕ್ಷರದ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲಿನಂತಿದ್ದರೆ ಒತ್ತುವಾಗ ಅಚ್ಚು ಅಲುಗಿದ್ದು, ಅಷ್ಟೇ. ಎರಡನೇ ಅಕ್ಷರವೂ ದುಂಡಗೆ ಉಬ್ಬಿ, ಮೂಲೆಗಳು ಸೀಳಿದ್ದರೆ ಮಾತ್ರ ಅಚ್ಚು ಮಾಡುವಾಗಲೇ ಜೋಡಿ ಬಿದ್ದದ್ದು.

ಅಂಚು ಕಚ್ಚಿದ ಹಾಗಿರುವ ನಾಣ್ಯವೇ ನನಗೆ ಬಲು ಇಷ್ಟ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಬಿದ್ದರೆ ಹಾಗಾಗುತ್ತದೆ. ನನ್ನ ಚೀಲಕ್ಕೆ ಅಂಥದ್ದೊಂದು ದಪ್ಪದ 5 ರೂಪಾಯಿ ಬಂದಿತ್ತು. ಕಚ್ಚಿದ ಜಾಗದ ನೇರ ಎದುರಿಗೆ ಅಂಚಿನ ಏಣು ಸಪ್ಪಗಿತ್ತು. ಅದೇ ಒಳ್ಳೆಯ ಗುರುತು. ಅಚ್ಚು ಒತ್ತುವ ಮೊದಲೇ ಬಿಲ್ಲೆಯನ್ನು ಉರುಳಿಸಿ ಅಂಚು ಎಬ್ಬಿಸುವಾಗ ಈ ಕಡೆ ಲೋಹವೇ ಇಲ್ಲ, ಹಾಗಾಗಿ ಆ ಕಡೆಗೂ ಒತ್ತಡ ಸರಿಯಾಗಿ ಸಿಗುವುದಿಲ್ಲ ಅಲ್ವಾ? ಚಿನ್ನದಂಗಡಿಯಲ್ಲಿ ತೂಗಿಸಿದೆ: 9 ಗ್ರಾಂ ಇರಬೇಕಾದದ್ದು 8.4. ಅರದಿಂದ ಉಜ್ಜಿದ ನಾಣ್ಯದಲ್ಲೂ ತೂಕ ಕಮ್ಮಿಯಾಗುತ್ತದೆ, ಆದರೆ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ.

ಚಿತ್ರ ಪಕ್ಕಕ್ಕೆ ಸರಿದು ಖಾಲಿ ಬಿಲ್ಲೆ ಕಂಡರೆ ಅದೂ ನಿಜವಾದ ತಪ್ಪು. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ತಿರುಗಿಸಿದಾಗ ಎರಡೂ ಬದಿ ನೆಟ್ಟಗೇ ಇರಬೇಕು. ಒಂದು ಬದಿ ಪೂರ್ತಿ ವಾಲಿದ್ದರೆ ಎತ್ತಿಡಿ.

ಇಸವಿಯ ಕೆಳಗೆ ಟಂಕಸಾಲೆಯ ಗುರುತಿಲ್ಲ ಅಂತ ದುಬಾರಿಗೆ ಮಾರುವವರಿದ್ದಾರೆ. ಚುಕ್ಕಿ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದ್ದು, ಡೈಮಂಡ್ ಮುಂಬೈಯದ್ದು. ಕೋಲ್ಕತ್ತಾದ ನಾಣ್ಯಕ್ಕೆ ಗುರುತೇ ಇರುವುದಿಲ್ಲ.

ಸಿಕ್ಕಿದ್ದನ್ನು ಹುಣಸೆಹುಳಿ ಹಾಕಿ ಮಾತ್ರ ತಿಕ್ಕಬೇಡಿ. ಪೇಪರಿನಲ್ಲಿ ಸುತ್ತಿ, ಸಿಕ್ಕಿದ ತಾರೀಕು ಬರೆದಿಡಿ.