ಮ್ಯಾಂಗನೀಸ್ ಕಾರ್ಬೊನಿಲ್‌ಗೆ ಎಲೆಕ್ಟ್ರಾನ್ ಕೊಟ್ಟು ನೋಡಿದ ಅನುಭವ

ವೋಲ್ಟಾಮೋಗ್ರಾಮ್ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆದ ಗ್ರಾಫ್) ಒಂದನ್ನೇ ನಂಬಿ ರಿಯಾಕ್ಷನ್ ಬರೆಯಬೇಡಿ ಅಂತ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಹೇಳುತ್ತಲೇ ಇರುತ್ತೇನೆ. ಎಷ್ಟು ವೋಲ್ಟೇಜಿಗೆ ಎಲೆಕ್ಟ್ರಾನ್ ಒಳಗೆ ಹೋಯಿತು ಅಂತ ಅದು ಹೇಳುತ್ತದೆ. ಹೋದ ಮೇಲೆ ಅಣು ಏನಾಯಿತು? ಅದನ್ನು ತಿಳಿಯೋಕೆ ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಬೇಕು, ಅಂದರೆ ಅಣು ಯಾವ ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅನ್ನೋ ಗ್ರಾಫ್.

ನಾನು ಜಾಸ್ತಿ ಕೆಲಸ ಮಾಡಿದ್ದು ಮ್ಯಾಂಗನೀಸ್ ಸಂಯುಕ್ತದ ಮೇಲೆ: ಲೋಹಕ್ಕೆ ಅಂಟಿದ ಒಂದು ಬೈಪಿರಿಡಿನ್ (ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿಯುವ ಸಾವಯವ ಅಣು), ಮೂರು ಕಾರ್ಬೊನಿಲ್ (ಅಂದರೆ ಕಾರ್ಬನ್ ಮಾನಾಕ್ಸೈಡ್), ಒಂದು ಬ್ರೋಮೈಡ್. ಈ ಬಗೆಯ ಸಂಯುಕ್ತದಿಂದ ಕಾರ್ಬನ್ ಡೈಆಕ್ಸೈಡನ್ನು ಮಾನಾಕ್ಸೈಡ್ ಮಾಡೋಕೆ ಮೊದಲೆಲ್ಲ ದುಬಾರಿ ರೀನಿಯಮ್ ಬೇಕಿತ್ತು. ಸ್ವಲ್ಪ ನೀರು ಸೇರಿಸಿದರೆ ಅಗ್ಗದ ಮ್ಯಾಂಗನೀಸಿನ ಇದೂ ಆ ಕೆಲಸ ಮಾಡುತ್ತದೆ ಅಂತ 2011ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ತಂಡ ತೋರಿಸಿತು.

ನನ್ನ ಸೆಲ್ ತುಂಬಾ ತೆಳು. ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಗಳು, ನಡುವೆ ಪ್ಲಾಟಿನಂ ಜಾಲರಿ, ಒಂದು ಬೆಳ್ಳಿ ತಂತಿ, ಸುಮಾರು 0.2 ಮಿಲಿಮೀಟರ್ ದ್ರಾವಣ. ಒಣಗಿಸಿದ ಅಸಿಟೋನೈಟ್ರೈಲ್, ಆರ್ಗಾನ್ ಹಾಯಿಸಿದ್ದು. ತುಂಬುವಾಗ ಸಿರಿಂಜನ್ನು ನಿಧಾನಕ್ಕೆ ಒತ್ತಬೇಕು, ಜಾಲರಿ ಹತ್ತಿರ ಒಂದು ಗುಳ್ಳೆ ನಿಂತರೂ ಅಲ್ಲಿಗೆ ಕರೆಂಟ್ ತಲುಪಲ್ಲ, ಸ್ಪೆಕ್ಟ್ರಮ್‌ನಲ್ಲಿ ಹಳೆಯ ಪೀಕ್ ಹಾಗೇ ಉಳಿದು ದಾರಿ ತಪ್ಪಿಸುತ್ತದೆ. ಈ ಸಂಯುಕ್ತ ಬೆಳಕಿಗೆ ಹಾಳಾಗುತ್ತದೆ, ಅದಕ್ಕೇ ಫ್ಲಾಸ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಲೈಟ್ ಆರಿಸಿಯೇ ಕೆಲಸ. ವೋಲ್ಟೇಜನ್ನು ಸೆಕೆಂಡಿಗೆ 2 ಮಿಲಿವೋಲ್ಟಿನಂತೆ ಇಳಿಸುತ್ತಾ ಬಂದರೆ ಸಾಕು, ಅವಸರ ಬೇಡ.

ಶುರುವಿನಲ್ಲಿ ಕಾರ್ಬೊನಿಲ್‌ಗಳ ಮೂರು ಪೀಕ್: 2028, 1933, 1923 ಸೆಂ.ಮೀ.⁻¹ ಆಸುಪಾಸು. ಮೊದಲ ರಿಡಕ್ಷನ್ (ಎಲೆಕ್ಟ್ರಾನ್ ಸೇರುವುದು) ಆದ ಕೂಡಲೇ ಅವು ಕುಗ್ಗುತ್ತವೆ, 1975ರಿಂದ 1855ರವರೆಗೆ ಹೊಸ ಪೀಕುಗಳ ಗುಂಪೇ ಏಳುತ್ತದೆ. ಬ್ರೋಮೈಡ್ ಬಿಟ್ಟು ಹೋಗಿದೆ, ಎರಡೆರಡು ಮ್ಯಾಂಗನೀಸ್ ಸೇರಿ ಡೈಮರ್ ಆಗಿದೆ. ಇನ್ನೂ ಕೆಳಗೆ ಹೋದರೆ ಡೈಮರ್ ಒಡೆದು ಆನಯಾನ್ (ಋಣ ಆವೇಶದ ಅಯಾನು) ಬರುತ್ತದೆ: ಸುಮಾರು 1910 ಮತ್ತು 1810, ಎರಡೇ ಪೀಕ್, ಬಲವಾದವು. ಎಲೆಕ್ಟ್ರಾನ್ ಜಾಸ್ತಿಯಾದಷ್ಟೂ ಲೋಹ ಅದನ್ನು ಕಾರ್ಬೊನಿಲ್‌ನ ಆಂಟಿಬಾಂಡಿಂಗ್ (ಬಂಧವನ್ನು ದುರ್ಬಲ ಮಾಡುವ) ಆರ್ಬಿಟಲ್‌ಗೆ ತಳ್ಳುತ್ತದೆ, ಕಾರ್ಬನ್–ಆಕ್ಸಿಜನ್ ಬಂಧ ಸಡಿಲವಾಗುತ್ತದೆ, ಪೀಕಿನ ಸಂಖ್ಯೆ ಇಳಿಯುತ್ತದೆ. ಯಾವುದಕ್ಕೂ ಅಂಟಿಕೊಳ್ಳದ ಕಾರ್ಬನ್ ಮಾನಾಕ್ಸೈಡಿನದು 2143. ಅಲ್ಲಿಂದ 1810ಕ್ಕೆ ಎಷ್ಟು ದೂರ ನೋಡಿ!

ಇದೇ ಥರದ, ಮ್ಯಾಂಗನೀಸ್ ಬದಲು ರೀನಿಯಮ್, ಬ್ರೋಮೈಡ್ ಬದಲು ಕ್ಲೋರೈಡ್ ಇರುವ ಸಂಯುಕ್ತದ ಕಥೆ ಬೇರೆ. ಮೊದಲ ಎಲೆಕ್ಟ್ರಾನ್ ಬೈಪಿರಿಡಿನ್ ಮೇಲೆ ಕೂರುತ್ತದೆ, ಕ್ಲೋರೈಡ್ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ, ಹಾಗಾಗಿ ಮೂರು ಪೀಕುಗಳೂ ಅದೇ ಆಕಾರದಲ್ಲಿ ಇಪ್ಪತ್ತು, ಮೂವತ್ತರಷ್ಟು ಮಾತ್ರ ಕೆಳಗೆ ಸರಿಯುತ್ತವೆ. ಲೋಹದ ಸುತ್ತ ಏನೂ ಬದಲಾಗಿಲ್ಲ ಅನ್ನೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಬೇರೆ ಕಡೆ ಸಿಕ್ಕಿಲ್ಲ.

ಡೈಮರ್ ಹಂತದಲ್ಲಿ ನಿಲ್ಲಿಸಿ ವೋಲ್ಟೇಜನ್ನು ವಾಪಸ್ ಮೇಲಕ್ಕೆ ತಂದೂ ನೋಡಿ. ಮೊದಲ ರಿಡಕ್ಷನ್ ಆದ ಜಾಗದಲ್ಲಿ ಏನೂ ಆಗಲ್ಲ, ಡೈಮರ್ ಆಕ್ಸಿಡೈಸ್ ಆಗೋಕೆ (ಎಲೆಕ್ಟ್ರಾನ್ ಕಳೆದುಕೊಳ್ಳೋಕೆ) ಇನ್ನೂ ಸಾಕಷ್ಟು ಮೇಲೆ ಹೋಗಬೇಕು. ಆಗ 2050ರ ಹತ್ತಿರ ಒಂದು ಪೀಕ್ ಏಳುತ್ತದೆ, ಅದು ಬ್ರೋಮೈಡ್ ಜಾಗದಲ್ಲಿ ಅಸಿಟೋನೈಟ್ರೈಲ್ ಕೂತ ಕ್ಯಾಟಯಾನ್ (ಧನ ಆವೇಶದ ಅಯಾನು). ಸೆಲ್‌ನಲ್ಲಿ ಈಗ ಇರುವುದು ನೀವು ತುಂಬಿದ ಸಂಯುಕ್ತ ಅಲ್ಲ, ಅದಕ್ಕೇ ಎರಡನೇ ಸುತ್ತಿನ ಸ್ಪೆಕ್ಟ್ರಮ್‌ಗಳನ್ನು ಮೊದಲನೆಯದರ ಜೊತೆ ಬೆರೆಸದೆ ಬೇರೆ ಫೈಲಿನಲ್ಲಿ ಇಡಿ.